ವೀರಗಲ್ಲು ಹೇಳದ ಮಾತು: ಮೈಲಾರ ಮಹದೇವಪ್ಪ ಮತ್ತು ಹೊಸರಿತ್ತಿಯ ಬಲಿದಾನ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಸಂಚರಿಸುವವರಿಗೆ ವೀರಗಲ್ಲುಗಳು ಹೊಸವಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ಅವು ಸಾಲಾಗಿ ನಿಂತಿವೆ. ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಗೋಡೆಗೋ ಕೆರೆಯ ಏರಿಗೋ ಒರಗಿಕೊಂಡಿರುತ್ತವೆ. ಅವುಗಳ ವಿನ್ಯಾಸ ಬಹುಮಟ್ಟಿಗೆ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ತುರುಗೋಳಿನಲ್ಲಿ ದನಗಳನ್ನು ಬಿಡಿಸಿ ಮಡಿದವನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಕಾಯ್ದು ಮಡಿದವನು, ಊರಳಿವಿನಲ್ಲಿ ಊರಿಗಾಗಿ ಮಡಿದವನು ಎಂದು ಶಾಸನಗಳು ಕಾರಣವನ್ನು ಒಂದೆರಡು ಪದಗಳಲ್ಲಿ ಹೇಳಿ ಮುಗಿಸುತ್ತವೆ.

ಆದರೆ ಈ ಕಲ್ಲುಗಳು ಹೇಳದ ಒಂದು ಸಂಗತಿಯಿದೆ. ಕಲ್ಲಿನ ಕಥೆ ಆರಂಭವಾಗುವುದೇ ಕಾಳಗದಿಂದ. ಅದಕ್ಕಿಂತ ಹಿಂದಿನ ರಾತ್ರಿ ಆ ಮನುಷ್ಯ ಏನನ್ನು ಯೋಚಿಸಿದ, ಹೋಗಬೇಕೋ ಬೇಡವೋ ಎಂದು ಹೇಗೆ ನಿರ್ಧರಿಸಿದ, ಯಾವುದನ್ನು ಮಾಡಬಹುದು ಯಾವುದನ್ನು ಮಾಡಲಾಗದು ಎಂಬ ಗೆರೆಯನ್ನು ಎಲ್ಲಿ ಎಳೆದುಕೊಂಡ ಎಂಬುದಕ್ಕೆ ಅಲ್ಲಿ ಪಟ್ಟಿಕೆಯಿಲ್ಲ. ಮರಣವನ್ನು ಎದುರಿಸುವುದಕ್ಕಿಂತ ಕಠಿಣವಾದುದು ಈ ನಿರ್ಧಾರ. ಇದೇ ಸೀಮೆಯಲ್ಲಿ 1943ರ ಏಪ್ರಿಲ್ 1ರಂದು ಹುತಾತ್ಮರಾದ ಮೈಲಾರ ಮಹದೇವಪ್ಪನವರ ಬದುಕನ್ನು ಅವಲೋಕಿಸುವಾಗ ವೀರಗಲ್ಲು ಬಿಟ್ಟುಹೋದ ಆ ಪಟ್ಟಿಕೆಯೇ ಮುಖ್ಯವಾಗುತ್ತದೆ. ಅವರ ಸಾವು ಒಂದು ದಿನದ ಘಟನೆ. ಅವರ ಆಯ್ಕೆಯಾದರೋ ಹದಿಮೂರು ವರ್ಷಗಳ ಕಾಲ ಮಾಗಿದ್ದು.

ಶರಣ ಪರಂಪರೆಯಲ್ಲಿಯೂ ಈ ಪ್ರಶ್ನೆ ಸುಲಭವಾಗಿ ಬಗೆಹರಿದುದಲ್ಲ. ಹಿರೇಕೆರೂರು ಸೀಮೆಯ ಅಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುತ್ತದೆ. ಜೈನರೊಡನೆ ಪಣವೊಡ್ಡಿ ತನ್ನ ಶಿರವನ್ನೇ ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದನೆಂಬುದು ಅಲ್ಲಿನ ಕಥನ. ಅದರ ಹಿಂದಿರುವ ಮತಕಲಹ ಇಂದು ಹೆಮ್ಮೆಪಡುವಂಥದಲ್ಲ. ಆದರೂ ಪಣಕ್ಕಿಟ್ಟದ್ದು ಎದುರಾಳಿಯ ತಲೆಯನ್ನಲ್ಲ, ತನ್ನ ತಲೆಯನ್ನು ಎಂಬ ಅಂಶ ಗಮನಾರ್ಹ. ಕಲ್ಯಾಣದ ಕಥೆ ಇದಕ್ಕೆ ಇನ್ನೊಂದು ಮುಖ. ಹರಳಯ್ಯ ಮಧುವರಸರು ಎಳೆಹೂಟೆಯ ಘೋರ ಶಿಕ್ಷೆಯನ್ನು ಸ್ವೀಕರಿಸಿದರು. ಅನಂತರ ಬಿಜ್ಜಳನ ಕೊಲೆಯಾಯಿತು. ಜಗದೇವ, ಬೊಮ್ಮಯ್ಯರು ಕೊಂದರೆಂದು ಪುರಾಣಕಾರರು ಕೊಂಡಾಡಿದ್ದಾರೆ. ಅದು ಶರಣರ ಕೃತ್ಯವೇ ಅಲ್ಲ, ಅರಮನೆಯ ಒಳಸಂಚು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಈ ವಾದದ ಹಿಂದೆ ಒಂದು ಮುಜುಗರವಿದೆ. ಕೊಲ್ಲಬಾರದೆಂದು ಬೋಧಿಸಿದವರ ಹೆಸರಿನಲ್ಲಿ ಕೊಲೆ ನಡೆದಿರಬಹುದೆಂಬುದನ್ನು ಭಕ್ತಮನಸ್ಸು ಒಪ್ಪಲಾರದು. ಪ್ರಾಣ ಕೊಡುವುದು ಒಂದು, ಪ್ರಾಣ ತೆಗೆಯುವುದು ಇನ್ನೊಂದು ಎಂಬ ವಿವೇಕ ಹನ್ನೆರಡನೆಯ ಶತಮಾನದಿಂದಲೇ ಈ ನೆಲದಲ್ಲಿ ಚರ್ಚೆಯಲ್ಲಿತ್ತು.

ಮಹದೇವಪ್ಪನವರು 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಇಂದು ಪುಣೆ ಬೆಂಗಳೂರು ಹೆದ್ದಾರಿಯ ಮೇಲಿರುವ ಈ ಊರು ಬ್ಯಾಡಗಿ ತಾಲೂಕಿಗೆ ಸೇರಿದ್ದು, ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮನೆತನದ ಹೆಸರು, ತಂದೆಯ ಹೆಸರು ಎರಡೂ ಒಂದೇ ದೈವವನ್ನು ನೆನಪಿಸುತ್ತವೆ. ತುಂಗಭದ್ರೆಯ ಆಚೆ ದಡದ ಮೈಲಾರಲಿಂಗನಿಗೆ ಮಾರ್ತಾಂಡ ಭೈರವನೆಂಬ ಹೆಸರೂ ಉಂಟು. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನಾಗಿ ಪೂಜೆಗೊಳ್ಳುವವನೂ ಆತನೇ.

ಆ ಬಾಲಕ ಬೆಳೆದ ಕಾಲವನ್ನು ಸ್ವಲ್ಪ ನೆನೆಯಬೇಕು. 1923ರಲ್ಲಿ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಪ್ರಕಟವಾಗಿ, ಮಠಗಳ ಓಲೆಗರಿಗಳಲ್ಲಿದ್ದ ಶರಣರ ಮಾತು ಅಚ್ಚಾಗಿ ಜನರ ಕೈಗೆ ಬಂತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಈ ಎರಡು ಹೊಳೆಗಳ ಸಂಗಮದಲ್ಲಿ ನಿಂತವರು ಹರ್ಡೇಕರ ಮಂಜಪ್ಪನವರು. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿದ ಅವರು, ಮುಂದೆ ಕಾಯಕವನ್ನೂ ಚರಕವನ್ನೂ ಒಂದೇ ಉಸಿರಿನಲ್ಲಿ ಬೋಧಿಸಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಖಾದಿಯೆಂದರೆ ಕೇವಲ ರಾಜಕೀಯವಲ್ಲ, ಅದೊಂದು ವ್ರತ ಎಂಬ ಭಾವನೆ ಬೇರೂರಿದ್ದರ ಹಿನ್ನೆಲೆ ಇದು. ಮಹದೇವಪ್ಪನವರನ್ನು ಸಬರಮತಿಗೆ ಎಳೆದೊಯ್ದದ್ದೂ ಖಾದಿಯೇ.

ಸಬರಮತಿ ಆಶ್ರಮ ಕೇವಲ ನೂಲುವ ಶಾಲೆಯಾಗಿರಲಿಲ್ಲ. ಅಲ್ಲಿ ಇರುವವರಿಗೆ ಏಕಾದಶ ವ್ರತಗಳಿದ್ದವು. ಸತ್ಯ, ಅಹಿಂಸೆ, ಬ್ರಹ್ಮಚರ್ಯ ಇವುಗಳ ಜೊತೆಗೆ ಅಸ್ತೇಯವೂ ಒಂದು. ಅಸ್ತೇಯವೆಂದರೆ ಕದಿಯದಿರುವುದು, ತನಗೆ ಬೇಕಾದುದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೂ ಕಳವೇ ಎಂದು ಗಾಂಧೀಜಿ ಅದನ್ನು ವಿಸ್ತರಿಸಿದ್ದರು. ಶರಣ ಸಾಹಿತ್ಯ ಬಲ್ಲವರಿಗೆ ಇದು ಅಪರಿಚಿತವೆನಿಸದು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಪ್ರಸಂಗ ಇದನ್ನೇ ಹೇಳುತ್ತದೆ. ಬಸವಣ್ಣನವರ ಸಪ್ತಶೀಲಗಳ ವಚನದಲ್ಲಿಯೂ ಮೊದಲ ನಿಷೇಧ ಕಳವಿನದು, ಎರಡನೆಯದು ಕೊಲೆಯದು. ಹೀಗೆ ಮೋಟೆಬೆನ್ನೂರಿನ ಮನೆಯ ಸಂಸ್ಕಾರ, ಸಬರಮತಿಯ ದೀಕ್ಷೆ ಎರಡೂ ಒಂದೇ ಎರಡು ಗೆರೆಗಳನ್ನು ಈ ಯುವಕನ ಮುಂದೆ ಎಳೆದಿದ್ದವು. ಕದಿಯಬಾರದು, ಕೊಲ್ಲಬಾರದು. ಮುಂದೆ ಇವೆರಡೂ ಒಂದೇ ಸ್ಥಳದಲ್ಲಿ ಎದುರಾಗಲಿದ್ದವು.

1930ರ ಮಾರ್ಚ್ 12ರಂದು ಗಾಂಧೀಜಿ 78 ಮಂದಿಯೊಡನೆ ಸಬರಮತಿಯಿಂದ ಹೊರಟರು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದುದು ಒಂದೇ ಹೆಸರು: ಮಹಾದೇವ ಮಾರ್ತಾಂಡ, ವಯಸ್ಸು 18. ಮನೆತನದ ಹೆಸರು ಬಿಟ್ಟುಹೋಗಿ ತಂದೆಯ ಹೆಸರಷ್ಟೇ ಉಳಿದಿದೆ. 241 ಮೈಲಿಗಳನ್ನು ನಡೆದು ಏಪ್ರಿಲ್ 5ರಂದು ದಂಡಿಯನ್ನು ತಲುಪಿ, 6ರಂದು ಕಡಲ ತೀರದ ಉಪ್ಪನ್ನು ಎತ್ತಿದರು. ಸರಕಾರದ ಕಾನೂನಿನ ಕಣ್ಣಿನಲ್ಲಿ ಅದು ಅಪರಾಧ. ಆ ಒಂದು ಹಿಡಿ ಉಪ್ಪನ್ನು ಎತ್ತಿದವರಾದರೋ ಅಸ್ತೇಯದ ವ್ರತಧಾರಿಗಳು. ಕಡಲು ಕೊಟ್ಟದ್ದಕ್ಕೆ ತೆರಿಗೆ ಹಾಕುವುದೇ ಕಳವು ಎಂಬುದು ಅವರ ನಿಲುವು. ಯಾವುದು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಹದಿನೆಂಟರ ವಯಸ್ಸಿನಲ್ಲಿಯೇ ಹೀಗೆ ಹೊಸದಾಗಿ ಕೇಳಿಕೊಂಡವನಿಗೆ, ಅನಂತರ ಸರಕಾರದ ಮುದ್ರೆಯಿದ್ದ ಮಾತ್ರಕ್ಕೆ ಯಾವ ಖಜಾನೆಯೂ ಪವಿತ್ರವಾಗಿ ಕಾಣಲಾರದು. ಹೊಸರಿತ್ತಿಯ ಬೀಜ ದಂಡಿಯಲ್ಲಿಯೇ ಬಿದ್ದಿತ್ತೆಂದು ಹೇಳಿದರೆ ತಪ್ಪಾಗದು.

ದಂಡಿಯ ಫಲವಾಗಿ ಸೆರೆವಾಸವಾಯಿತು. ಪತ್ನಿ ಸಿದ್ದಮ್ಮನವರೂ ಸಬರಮತಿಯ ಹಾದಿ ಹಿಡಿದು ಸೆರೆಮನೆ ಕಂಡವರು. ಇದನ್ನು ವಿಶೇಷವಾಗಿ ಹೇಳಬೇಕಾದ ಅಗತ್ಯವಿದೆ. ಏಕೆಂದರೆ ಮೈಲಾರ ಮಹದೇವಪ್ಪನವರ ಸ್ಮರಣೆಯಲ್ಲಿ ಆಕೆಯ ಹೆಸರು ಹಲವೊಮ್ಮೆ 'ಪತ್ನಿಯೂ ಭಾಗವಹಿಸಿದ್ದರು' ಎಂಬ ಒಂದು ವಾಕ್ಯಕ್ಕೆ ಕುಗ್ಗಿಬಿಡುತ್ತದೆ. ಗಂಡ ತನ್ನ ಪ್ರಾಣವನ್ನು ಪಣಕ್ಕಿಟ್ಟಾಗ ಪಣಕ್ಕೆ ಬೀಳುವುದು ಒಂದೇ ಬದುಕಲ್ಲ.

ಊರಿಗೆ ಮರಳಿದ ಮೇಲೆ ಅವರು ಹಾವೇರಿ ಬಳಿಯ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ನೂಲುವುದು, ನೇಯುವುದು, ಹಳ್ಳಿಯ ಕಸ ಗುಡಿಸುವುದು, ಅಸ್ಪೃಶ್ಯತೆಯ ವಿರುದ್ಧ ಕೆಲಸ. ಇವು ಪತ್ರಿಕೆಗಳಲ್ಲಿ ಸುದ್ದಿಯಾಗುವ ಕಾರ್ಯಗಳಲ್ಲ. ಅವರ ಮುಂದಿನ ವರ್ಷಗಳಲ್ಲಿ ಬಂದ ಬಿರುಸನ್ನು ಮಾತ್ರ ನೋಡುವವರು ಈ ದೀರ್ಘವಾದ ಶಾಂತ ಅವಧಿಯನ್ನು ಮರೆಯುತ್ತಾರೆ. 1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ ಮತ್ತೆ ಸೆರೆ.

ಇದೇ ಅವಧಿಯಲ್ಲಿ ಈ ಭಾಗದ ರೈತರಿಗೆ ಕಂದಾಯವೆಂಬುದು ಕೇವಲ ಲೆಕ್ಕಪತ್ರದ ವಿಷಯವಾಗಿ ಉಳಿದಿರಲಿಲ್ಲ. 1930ರಿಂದ 32ರವರೆಗೆ ಸಿದ್ದಾಪುರ, ಅಂಕೋಲೆಗಳಲ್ಲಿ ನಡೆದ ಕರನಿರಾಕರಣೆಯ ಹೋರಾಟ ಹಿರೇಕೆರೂರು ತಾಲೂಕಿನಲ್ಲಿಯೂ ನಡೆದಿತ್ತು. ಹೊಲಮನೆ ಮುಟ್ಟುಗೋಲಾಗಿ, ದನಕರು ಲಿಲಾವಾದರೂ ಕರ ಕೊಡದೆ ನಿಂತವರಿದ್ದರು. ತಾವು ಬೆಳೆದ ಬೆಳೆಯ ಹಣ ತಮ್ಮನ್ನು ಆಳುವ ಲಾಠಿಗೆ ವೇತನವಾಗುತ್ತದೆ ಎಂಬ ಅರಿವು ಹಳ್ಳಿಗಳಿಗೆ ಬಂದಿತ್ತು.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ 'ಮಾಡು ಇಲ್ಲವೆ ಮಡಿ' ಎಂಬ ಕರೆ ಬಂತು. ಮರುದಿನ ಬೆಳಗಾಗುವುದರೊಳಗೆ ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಏನು ಮಾಡಬೇಕು, ಎಲ್ಲಿಯವರೆಗೆ ಮಾಡಬಹುದು ಎಂಬುದನ್ನು ಹೇಳುವವರು ಉಳಿಯಲಿಲ್ಲ. 'ಮಡಿ' ಎಂಬುದು ಸ್ಪಷ್ಟವಾಗಿತ್ತು. 'ಮಾಡು' ಎಂಬುದರ ಅರ್ಥವನ್ನು ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಬೇಕಾಯಿತು. ಗಾಂಧೀಜಿಯವರ ನಿಕಟವರ್ತಿ ಕಿಶೋರಲಾಲ ಮಶ್ರೂವಾಲಾ ಅವರು ಆಗಸ್ಟ್ 23ರ 'ಹರಿಜನ' ಪತ್ರಿಕೆಯಲ್ಲಿ, ಜೀವಕ್ಕೆ ಅಪಾಯವಾಗದಂತೆ ಸರಕಾರದ ಸಂಚಾರ ಸಂಪರ್ಕಗಳನ್ನು ಕಡಿದುಹಾಕಬಹುದೆಂಬ ಅಭಿಪ್ರಾಯ ಬರೆದರು. ಅದು ಗಾಂಧೀಜಿಯವರ ಮಾತಾಗಿರಲಿಲ್ಲ. ಆದರೆ ಸೆರೆಮನೆಯ ಹೊರಗಿದ್ದವರಿಗೆ ಆಗ ದೊರೆತ ಬೆಳಕು ಅಷ್ಟೇ.

ಕರ್ನಾಟಕದ ಭೂಗತ ಚಳವಳಿ ಬಹುಮಟ್ಟಿಗೆ ಈ ಗೆರೆಯನ್ನೇ ಹಿಡಿಯಿತು. ತಂತಿ ಕತ್ತರಿಸುವುದು, ಚಾವಡಿಯ ದಫ್ತರಗಳನ್ನು ಸುಡುವುದು, ಅಂಚೆ ಚೀಲಗಳನ್ನು ವಶಪಡಿಸಿಕೊಳ್ಳುವುದು, ರೈಲು ನಿಲ್ದಾಣಗಳಿಗೆ ಬೆಂಕಿಯಿಡುವುದು ನಡೆದವು. ಮನುಷ್ಯರ ಮೈ ಮುಟ್ಟಬಾರದೆಂಬುದು ನಿಯಮ. ಅದರ ಸೂತ್ರ ಹಿಡಿದವರಲ್ಲಿ ಪ್ರಮುಖರು ರಂಗನಾಥ ದಿವಾಕರರು. 'ವಚನಶಾಸ್ತ್ರರಹಸ್ಯ'ವನ್ನು ಬರೆದವರೂ ಅವರೇ ಎಂಬುದು ವಚನಾಭ್ಯಾಸಿಗಳಿಗೆ ತಿಳಿದ ಸಂಗತಿ. ಹಾವೇರಿ ಸೀಮೆಯಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದುದು ಮಹದೇವಪ್ಪನವರ ತಂಡ. ಗಾಂಧೀಜಿಯವರ ಹಿಂದೆ ದಂಡಿಗೆ ನಡೆದ ಮನುಷ್ಯ, ಈಗ ರಾತ್ರಿ ಹೊತ್ತು ಕಾಡುಮೇಡುಗಳಲ್ಲಿ ತಲೆಮರೆಸಿಕೊಂಡು ತಿರುಗುತ್ತಿದ್ದ. ಬಹಿರಂಗತೆಯೇ ಸತ್ಯಾಗ್ರಹದ ಪ್ರಾಣವೆಂದು ಕಲಿತವನಿಗೆ ಗುಟ್ಟಿನ ಬದುಕು. ಇದರಲ್ಲಿ ವಿರೋಧವಿಲ್ಲವೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅಪಚಾರ.

ಗೆರೆ ಮೀರಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರವಿರಲಿಲ್ಲ. ಹಿರೇಕೆರೂರಿನ ಗಡಿಗೆ ಹತ್ತಿರದ, ಆಗಿನ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತ್ತು. 1942ರ ಸೆಪ್ಟೆಂಬರ್ 28ರಂದು ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಕೊಲೆಯಾದರು. ಅದಾದ ಮೇಲೆ ಆ ಊರು ಅನುಭವಿಸಿದ ದಮನ ವರ್ಣನಾತೀತ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ಹೊಸರಿತ್ತಿಯ ಘಟನೆಗೆ ಕೆಲವೇ ವಾರಗಳ ಮುನ್ನಿನ ಮಾತು ಇದು. ಈಸೂರಿನವರ ತ್ಯಾಗವನ್ನು ಕಿರಿದೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ರೊಚ್ಚಿಗೆದ್ದ ಗುಂಪಿನ ನಡುವೆ ಒಂದು ಕ್ಷಣದಲ್ಲಿ ನಡೆದುಹೋದ ಕೃತ್ಯ, ಗೆರೆಯನ್ನು ಮೊದಲೇ ಎಳೆದುಕೊಂಡು ಇಟ್ಟ ಹೆಜ್ಜೆ, ಇವೆರಡು ಬೇರೆ ಬೇರೆ.

ಅದೇ ದಿನಗಳಲ್ಲಿ ಇನ್ನೊಂದು ಮರಣದ ಛಾಯೆ ದೇಶದ ಮೇಲೆ ಕವಿದಿತ್ತು. ದೇಶದಲ್ಲಿ ನಡೆದ ಹಿಂಸೆಗೆ ಗಾಂಧೀಜಿಯೇ ಹೊಣೆಯೆಂದು ವೈಸರಾಯ್ ಲಿನ್‌ಲಿಥ್‌ಗೊ ಆರೋಪಿಸಿದಾಗ, ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದ ಗಾಂಧೀಜಿ 1943ರ ಫೆಬ್ರವರಿ 10ರಂದು 21 ದಿನಗಳ ಉಪವಾಸಕ್ಕೆ ಕುಳಿತರು. ಆಗ ಅವರಿಗೆ 73 ವರ್ಷ. ಅದೇ ಅರಮನೆಯಲ್ಲಿ ಅವರ ಆಪ್ತ ಕಾರ್ಯದರ್ಶಿ ಮಹಾದೇವ ದೇಸಾಯಿ 1942ರ ಆಗಸ್ಟ್ 15ರಂದು ತೀರಿಕೊಂಡಿದ್ದರು. ಉಪವಾಸ ಮಾರ್ಚ್ 3ರಂದು ಮುಗಿಯಿತು. ಗುರುವು ಮರಣದ ಅಂಚಿಗೆ ಹೋಗಿ ಬಂದುದು ಪ್ರಾಣ ತೆಗೆಯುವ ಹಾದಿ ತನ್ನದಲ್ಲ ಎಂದು ಸಾರುವುದಕ್ಕಾಗಿ. ದಂಡಿಯ ಶಿಷ್ಯ ಹೊಸರಿತ್ತಿಗೆ ಹೋದದ್ದು ಅದಾದ ಸುಮಾರು ನಾಲ್ಕು ವಾರಗಳ ಅನಂತರ.

ಹೊಸರಿತ್ತಿ ಹಾವೇರಿ ತಾಲೂಕಿನ ವರದಾ ತೀರದ ಊರು. ಸಂಗಮ ಕ್ಷೇತ್ರವಾದ ಗಳಗನಾಥ ಇಲ್ಲಿಂದ ದೂರವಿಲ್ಲ. ರೈತರಿಂದ ಎತ್ತಿದ ಭೂಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ಪೊಲೀಸರ ಕಾವಲಿನಲ್ಲಿ ಇರಿಸಲಾಗಿತ್ತು. ಏಪ್ರಿಲ್ 1ರಂದು ಮಹದೇವಪ್ಪನವರು ತಮ್ಮ ಸಂಗಡಿಗರೊಡನೆ ಅದನ್ನು ವಶಪಡಿಸಿಕೊಳ್ಳಲು ಹೋದರು. ಪೊಲೀಸರು ಗುಂಡು ಹಾರಿಸಿದರು. ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಹುತಾತ್ಮರಾದರು. ಮಹದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ.

ಘಟನೆ ಇಷ್ಟೇ. ಆದರೆ ಅದರೊಳಗಿನ ಗಂಟುಗಳು ಹಲವು.

ಮೊದಲನೆಯದು ಕಳವಿನ ಗಂಟು. ಕಾವಲಿನಲ್ಲಿದ್ದ ಹಣವನ್ನು ಎತ್ತಿಕೊಳ್ಳಹೋದವನು ಅಸ್ತೇಯ ವ್ರತಧಾರಿ. ತನಗಾಗಿ ಅಲ್ಲ ಎಂಬುದು ಒಂದು ಉತ್ತರ. ಆದರೆ ಅದು ಪೂರ್ಣ ಉತ್ತರವಲ್ಲ. ತನಗಾಗಿ ಅಲ್ಲ ಎಂದು ಹೇಳಿಕೊಂಡು ಕದ್ದವರು ಲೋಕದಲ್ಲಿ ಬಹಳ. ದಂಡಿಯ ತರ್ಕವೇ ಇಲ್ಲಿ ಹೆಚ್ಚು ನಿಜವಾದ ಉತ್ತರ. ಹಣ ರೈತರದು, ಅದನ್ನು ಎತ್ತುವ ಹಕ್ಕನ್ನು ಸರಕಾರ ಕಳೆದುಕೊಂಡಿದೆ, ಆದ್ದರಿಂದ ಮರಳಿ ಪಡೆಯುವುದು ಕಳವಲ್ಲ. ಆದರೂ ಉಪ್ಪಿಗೂ ಖಜಾನೆಗೂ ಒಂದು ಅಂತರ ಉಳಿಯುತ್ತದೆ. ಕಡಲ ತೀರದ ಉಪ್ಪನ್ನು ಹಾಡಹಗಲಲ್ಲಿ, ಹೇಳಿ ಕೇಳಿ ಎತ್ತಲಾಯಿತು. ಖಜಾನೆಯನ್ನು ಹಾಗೆ ಎತ್ತಲಾಗದು. ಮಹದೇವಪ್ಪನವರನ್ನು ಆರಾಧಿಸುವವರು ಈ ಅಂತರವನ್ನು ಮುಚ್ಚಿಡುವ ಅಗತ್ಯವಿಲ್ಲ. ಅದನ್ನು ಕಂಡೂ ಹೆಜ್ಜೆಯಿಟ್ಟದ್ದರಲ್ಲಿಯೇ ಅವರ ಆಯ್ಕೆಯ ಭಾರವಿದೆ.

ಎರಡನೆಯದು ಗುಡಿಯ ಗಂಟು. ವೀರಭದ್ರನ ಸನ್ನಿಧಿಯಲ್ಲಿ ಗದ್ದಲವೆಬ್ಬಿಸುವುದು ಆ ಭಾಗದ ಭಕ್ತರಿಗೆ ಹಗುರವಾದ ಸಂಗತಿಯಲ್ಲ. ಆದರೆ ಗುಡಿಯನ್ನು ಖಜಾನೆ ಮಾಡಿ, ಅದರೊಳಗೆ ಬಂದೂಕುಗಳನ್ನು ಕೂರಿಸಿದ ಮೇಲೆ ಅದರ ಪಾವಿತ್ರ್ಯವನ್ನು ಮೊದಲು ಕೆಡಿಸಿದವರು ಯಾರು ಎಂಬುದು ಕೇಳಬೇಕಾದ ಪ್ರಶ್ನೆ. ದಕ್ಷಯಜ್ಞದ ಧ್ವಂಸಕ್ಕೆ ಹುಟ್ಟಿದ ದೈವ ವೀರಭದ್ರ. ಅಧಿಕಾರದ ಮದದಿಂದ ನಡೆದ ಯಜ್ಞವನ್ನು ಕೆಡಿಸಿದವನು. ಆ ಊರಿನವರ ಬಾಯಲ್ಲಿ ಈ ಹೋಲಿಕೆ ಬಂದರೆ ಆಶ್ಚರ್ಯಪಡಬೇಕಿಲ್ಲ. ಆದರೂ ಇದನ್ನು ಬಹಳ ದೂರ ಎಳೆಯುವುದು ತರವಲ್ಲ, ಏಕೆಂದರೆ ವೀರಭದ್ರ ದಕ್ಷನ ಶಿರವನ್ನು ತೆಗೆದವನು.

ಮೂರನೆಯದು ಪ್ರಾಣದ ಗಂಟು, ಎಲ್ಲಕ್ಕಿಂತ ಬಿಗಿಯಾದುದು. ಗುಡಿಯ ಕಾವಲಿಗಿದ್ದ ಪೊಲೀಸರು ಸಾಗರದಾಚೆಯಿಂದ ಬಂದವರಲ್ಲ, ಸಂಬಳಕ್ಕೆ ದುಡಿಯುವ ಈ ನಾಡಿನ ಜನ. ಪ್ರಾಚೀನ ಕನ್ನಡ ಶಾಸನ ಕಾವ್ಯಗಳಲ್ಲಿ ಇದಕ್ಕೊಂದು ಮಾತಿದೆ: ಜೋಳವಾಳಿ. ಉಂಡ ಜೋಳದ ಋಣವನ್ನು ಒಡೆಯನಿಗೆ ಮೈಯಿಂದ ತೀರಿಸುವ ಧರ್ಮ ಅದು. ಅನೇಕ ವೀರಗಲ್ಲುಗಳ ಹಿಂದಿರುವ ಮೌಲ್ಯವೂ ಇದೇ. ಅಂದು ಗುಂಡು ಹಾರಿಸಿದ ಪೊಲೀಸನೂ ತನ್ನ ಲೆಕ್ಕದಲ್ಲಿ ಜೋಳದ ಋಣ ತೀರಿಸಿದವನೇ. ಅವನ ಮುಂದೆ ನಿಂತವನು ಉಪ್ಪಿನ ಸತ್ಯಾಗ್ರಹಿ. ಉಪ್ಪು ಯಾರದು, ಜೋಳ ಯಾರದು ಎಂಬುದೇ ಇಬ್ಬರ ನಡುವಿನ ವ್ಯಾಜ್ಯ. ಜೋಳ ಬೆಳೆದವನು ಸರಕಾರವಲ್ಲ, ಹೊಸರಿತ್ತಿಯ ರೈತ ಎಂದು ಒಬ್ಬನ ನಂಬಿಕೆ. ಬಟವಾಡೆ ಮಾಡುವವನೇ ಒಡೆಯ ಎಂದು ಇನ್ನೊಬ್ಬನದು. ಇಬ್ಬರೂ ಕನ್ನಡಿಗರು. ಪೊಲೀಸನನ್ನು ರಾಕ್ಷಸನಂತೆ ಚಿತ್ರಿಸಿದರೆ ಮಹದೇವಪ್ಪನವರ ಸಂಯಮದ ಬೆಲೆ ಕಡಿಮೆಯಾಗುತ್ತದೆ. ರಾಕ್ಷಸನನ್ನು ಕೊಲ್ಲಬಾರದೆಂದು ಯಾವ ಪುರಾಣವೂ ಹೇಳುವುದಿಲ್ಲ. ಎದುರಿಗಿರುವವನು ತನ್ನಂತೆಯೇ ಮನುಷ್ಯ, ಮನೆಯಲ್ಲಿ ಅವನಿಗಾಗಿ ಕಾಯುವವರಿದ್ದಾರೆ ಎಂದು ಕಂಡಾಗ ಮಾತ್ರ ಕೊಲ್ಲದಿರುವುದು ವ್ರತವಾಗುತ್ತದೆ.

ಹೊಸರಿತ್ತಿಯ ಇತಿಹಾಸ ಉಳಿಸಿಕೊಂಡಿರುವ ಹೆಸರುಗಳು ಗುಂಡಿಗೆ ಎದೆಯೊಡ್ಡಿದ ಆ ಮೂವರವು. ಅಪ್ಪಣೆ ಕೊಟ್ಟು ಹಿಂದೆ ನಿಲ್ಲಬಹುದಾಗಿದ್ದ ನಾಯಕನೇ ಅವರಲ್ಲಿ ಮೊದಲಿಗ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ವೀರನ ಕಾಲ ಬಳಿ ಬಿದ್ದ ಶತ್ರುಗಳ ಹೆಣಗಳನ್ನು ಕೆತ್ತುವ ರೂಢಿಯಿದೆ. ಎಷ್ಟು ಹೆಚ್ಚು ಕೊಂದನೋ ಅಷ್ಟು ದೊಡ್ಡ ವೀರ. ಆ ಅಳತೆಗೋಲಿನಿಂದ ಹೊಸರಿತ್ತಿಯನ್ನು ಅಳೆಯಲು ಬಾರದು.

ಆ ಮೂವರ ಹೆಸರುಗಳನ್ನು ಒಟ್ಟಿಗೆ ಓದುವಾಗ ಶರಣ ಪರಂಪರೆಯನ್ನು ಬಲ್ಲವರ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ಒಬ್ಬರು ಮೈಲಾರ ಮನೆತನದ ರೈತಕುಲದವರು, ಒಬ್ಬರು ಮಡಿವಾಳರು, ಒಬ್ಬರು ಹಿರೇಮಠದವರು. ಕಲ್ಯಾಣದ ಅನುಭವ ಮಂಟಪದಲ್ಲಿ ಒಟ್ಟಿಗೆ ಕುಳಿತವರೆಂದು ನಾವು ಓದುವ ಕಾಯಕಗಳು ಇವು. ಕಲ್ಯಾಣದಿಂದ ಹೊರಟ ಶರಣರನ್ನೂ ವಚನದ ಕಟ್ಟುಗಳನ್ನೂ ಕಾಯುತ್ತ ಬೆನ್ನಟ್ಟಿದ ಸೈನ್ಯಕ್ಕೆ ಎದುರಾಗಿ ನಿಂತವನು ಮಡಿವಾಳ ಮಾಚಯ್ಯನೆಂದು ಪರಂಪರೆ ಹೇಳುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಹಳ್ಳಿಗಳಲ್ಲಿ ಮಡಿವಾಳನೂ ಅಯ್ಯನವರೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬಾಯಲ್ಲಿ ವಚನ, ಬಾವಿಯಲ್ಲಿ ಭೇದ ಎಂಬ ಸ್ಥಿತಿ ಮಠಗಳ ಸುತ್ತಲಿನ ಊರುಗಳಿಗೂ ಅಂಟಿತ್ತು. ಪೊಲೀಸರ ಗುಂಡು ಆ ಭೇದವನ್ನು ಕೇಳಲಿಲ್ಲ. ಅಂದು ಮೂವರನ್ನು ಒಂದೆಡೆ ತಂದದ್ದು ಮತೋಪದೇಶವಲ್ಲ, ಮಾಡಿದ ಕೆಲಸ. ತಿರಕಪ್ಪ, ವೀರಯ್ಯನವರ ಹೆಸರುಗಳು ಮಹದೇವಪ್ಪನವರ ಹೆಸರಿನ ನೆರಳಿನಲ್ಲಿ ಮಸುಕಾಗಬಾರದು. ದಂಡಿಯ ಖ್ಯಾತಿಯಾಗಲಿ ಆಶ್ರಮದ ದೀಕ್ಷೆಯಾಗಲಿ ಇಲ್ಲದೆ, ಅಷ್ಟೇ ಬೆಲೆಯನ್ನು ಅವರೂ ತೆತ್ತರು.

ಗಾಂಧೀಜಿ 1944ರ ಮೇ 6ರಂದು ಬಿಡುಗಡೆಯಾದರು. ಆಸ್ತಿಪಾಸ್ತಿಯ ನಾಶ, ಗುಪ್ತ ಚಟುವಟಿಕೆ ಇವೆರಡೂ ತಮ್ಮ ಅಹಿಂಸೆಯ ಕಲ್ಪನೆಗೆ ಹೊಂದುವುದಿಲ್ಲವೆಂದು ಅವರು ಸ್ಪಷ್ಟಪಡಿಸಿ, ಭೂಗತರಾಗಿದ್ದವರು ಬಹಿರಂಗವಾಗಿ ಬಂದು ಶರಣಾಗಬೇಕೆಂದು ಸಲಹೆಯಿತ್ತರು. ಅದನ್ನು ಮನ್ನಿಸಿ ದಿವಾಕರರು ಆ ವರ್ಷದ ಆಗಸ್ಟ್‌ನಲ್ಲಿ ಸರಕಾರಕ್ಕೆ ಒಪ್ಪಿಸಿಕೊಂಡರು. ಮಹದೇವಪ್ಪನವರು ಬದುಕಿದ್ದರೆ? ಇಂತಹ ಪ್ರಶ್ನೆಗಳಿಗೆ ಇತಿಹಾಸದಲ್ಲಿ ಉತ್ತರವಿಲ್ಲ. ಆದರೆ ದಂಡಿಯ ಹಾದಿಯಲ್ಲಿ ಯಾರ ಹಿಂದೆ ನಡೆದರೋ ಆ ಗುರುವಿನಿಂದಲೇ ಪೂರ್ಣ ಒಪ್ಪಿಗೆ ಸಿಗದ ಹಾದಿಯಲ್ಲಿ ಅವರು ಮಡಿದರೆಂಬುದು ಸತ್ಯ. ಹೊರಗಿನ ಪ್ರಮಾಣಪತ್ರ ಅವರಿಗೆ ದೊರೆಯಲಿಲ್ಲ, ಅದಕ್ಕಾಗಿ ಅವರು ಕಾಯಲೂ ಇಲ್ಲ. ಎರಡು ಗೆರೆಗಳಲ್ಲಿ ಒಂದನ್ನು, ಅಂದರೆ ಸೊತ್ತಿನ ಗೆರೆಯನ್ನು, ತಮ್ಮ ವಿವೇಚನೆಯ ಮೇಲೆ ದಾಟಿದರು. ಪ್ರಾಣದ ಗೆರೆಯ ಬಳಿ ನಿಂತು, ತಮ್ಮ ಪ್ರಾಣವನ್ನೇ ಅಲ್ಲಿ ಇಟ್ಟರು. ದಾಟಿದ್ದರ ತೆರಿಗೆಯನ್ನು ಇತರರ ಮೇಲೆ ಹೊರಿಸದೆ ತಾವೇ ಸಲ್ಲಿಸಿದರು. ಅವರ ನಿರ್ಧಾರವನ್ನು ಒಪ್ಪದವರೂ ಅವರ ಪ್ರಾಮಾಣಿಕತೆಯನ್ನು ಪ್ರಶ್ನಿಸಲಾರರು.

ಸ್ವಾತಂತ್ರ್ಯ ಬಂದದ್ದು ನಾಲ್ಕು ವರ್ಷ ನಾಲ್ಕೂವರೆ ತಿಂಗಳ ಅನಂತರ. ಸಿದ್ದಮ್ಮನವರು ಅದನ್ನು ಕಂಡರು. ಹೊಸರಿತ್ತಿಯವರೇ ಆದ ಗುದ್ಲೆಪ್ಪ ಹಳ್ಳಿಕೇರಿಯವರು ಸ್ವಾತಂತ್ರ್ಯಾನಂತರ ಕರ್ನಾಟಕ ಏಕೀಕರಣಕ್ಕೂ ದುಡಿದು 1972ರಲ್ಲಿ ನಿಧನರಾದರು. ಗುಂಡಿನ ಸದ್ದು ಕೇಳಿದ ಊರಿನಲ್ಲಿ ಇಂದು ಗಾಂಧಿ ಗ್ರಾಮೀಣ ಗುರುಕುಲವೆಂಬ ಶಾಲೆಯಿದ್ದು, ಮಕ್ಕಳು ಅಲ್ಲಿ ಓದಿನ ಜೊತೆಗೆ ಕೈಕೆಲಸವನ್ನೂ ಕಲಿಯುತ್ತಾರೆ. ಹಾವೇರಿ ನಗರದಲ್ಲಿ ವೀರಸೌಧವಿದೆ.

ಇನ್ನೊಂದು ಸ್ಮಾರಕ, ಜನ ಪ್ರತಿದಿನ ನೋಡಿಯೂ ನಿಂತು ಓದದಂಥದು, ಹಾವೇರಿಯ ರೈಲು ನಿಲ್ದಾಣ. 1942ರಲ್ಲಿ ಚಳವಳಿಗಾರರು ಇಂತಹ ನಿಲ್ದಾಣಗಳಿಗೆ ಬೆಂಕಿಯಿಟ್ಟಿದ್ದರು. ಈಗ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗುವ ವ್ಯಾಪಾರಿಗಳೂ, ರಾಣೇಬೆನ್ನೂರಿಗೆ ಹೋಗುವ ವಿದ್ಯಾರ್ಥಿಗಳೂ ಅದರ ಫಲಕದ ಕೆಳಗೆ ನಿಂತು ಗಾಡಿ ಕಾಯುತ್ತಾರೆ. ದಂಡಿಯ ಪಟ್ಟಿಯಲ್ಲಿ ತಂದೆಯ ಹೆಸರಿನೊಡನೆ ಮಾತ್ರ ದಾಖಲಾದ ಹದಿನೆಂಟರ ಹುಡುಗನ ಹೆಸರು ಆ ಫಲಕದ ಮೇಲೆ ಮನೆತನದ ಹೆ​ಸರಿನೊಡನೆ ಪೂರ್ಣವಾಗಿದೆ: ಶ್ರೀ ಮಹದೇವಪ್ಪ ಮೈಲಾರ, ಹಾವೇರಿ.